ಗುಮ್ಮನಗುಸುಕ: ಒಂದು ಬೈಗುಳ, ಇಬ್ಬರು ಮಂತ್ರಿಗಳು

"ಭಾರೀ ಗುಮ್ಮನಗುಸುಕ ಅದಾನ ನೋಡು, ಏನೂ ಬಾಯಿ ಬಿಡಂಗಿಲ್ಲ!"

ನಮ್ಮ ಹೊಸಪೇಟೆ ಕಡೆ ಈ ಮಾತು ಕಿವಿಗೆ ಬೀಳದೆ ಬೆಳೆದವರು ಕಡಿಮೆ. ಮಗ ಕೆಲಸ ಬಿಟ್ಟು ಮೂರು ತಿಂಗಳಾದರೂ ಮನೆಯಲ್ಲಿ ಹೇಳಿಲ್ಲವೆಂದರೆ ಗುಮ್ಮನಗುಸುಕ. ಸೈಟು ಕೊಂಡು ರಿಜಿಸ್ಟ್ರಿ ಮಾಡಿಸಿಕೊಂಡು ಬಂದ ಮೇಲೂ ಒಡಹುಟ್ಟಿದ ತಮ್ಮನಿಗೆ ತಿಳಿಸದವನು ಗುಮ್ಮನಗುಸುಕ. ಮಗಳ ಲಗ್ನಪತ್ರಿಕೆ ಅಚ್ಚಾಗುವ ತನಕ ಪಕ್ಕದ ಮನೆಗೆ ಸುಳಿವು ಕೊಡದ ಹೆಂಗಸು ಗುಮ್ಮನಗುಸುಕಿ. ಕರ್ನಾಟಕದ ಬೇರೆ ಕಡೆಗಳಲ್ಲೂ ಈ ಪದ ಇದೆ, ನಮ್ಮದೇ ಸ್ವತ್ತೇನಲ್ಲ. ಆದರೆ ಹಂಪಿ, ಕಂಪ್ಲಿ, ಸಂಡೂರುಗಳ ಹಳೆಯ ಕತೆಗಳನ್ನು ಓದುವಾಗಲೆಲ್ಲ ನನಗೆ ಈ ಪದವೇ ನೆನಪಾಗುತ್ತದೆ. ಯಾಕೆ ಅಂತ ಇವತ್ತು ಬರೆದುಬಿಡುತ್ತೇನೆ.

ಮೊದಲು ಪದದ ವಿಷಯ. ಗುಮ್ಮನಗುಸುಕ ಅಂದರೆ ಮಾತು ಕಡಿಮೆ ಇರುವವನು ಅಂತ ಎಷ್ಟೋ ಜನ ತಿಳಿದಿದ್ದಾರೆ. ನನಗೇನೋ ಹಾಗನ್ನಿಸುವುದಿಲ್ಲ. ಮಾತು ಕಡಿಮೆ ಇರುವವನಿಗೆ ಮಿತಭಾಷಿ ಅನ್ನುತ್ತೇವೆ, ಅದು ಹೊಗಳಿಕೆ. ಗುಮ್ಮನಗುಸುಕ ದಿನವಿಡೀ ಮಾತಾಡುತ್ತಿರಬಹುದು. ಮಳೆ ಬೆಳೆ, ರಾಜಕೀಯ, ಕ್ರಿಕೆಟ್ಟು ಎಲ್ಲ ಬರುತ್ತದೆ. ಬರದೇ ಇರುವುದು ಒಂದೇ, ನಮಗೆ ಬೇಕಾದ ಆ ಒಂದು ವಿಷಯ! ಅವನಿಗೆ ಅದು ಗೊತ್ತಿದೆ, ಅವನಿಗೆ ಗೊತ್ತಿದೆ ಎಂಬುದು ನಮಗೂ ಗೊತ್ತಿದೆ, ಆದರೂ ಹೇಳುತ್ತಿಲ್ಲ. ಅಲ್ಲಿ ಹುಟ್ಟುವ ಸಿಟ್ಟು ಈ ಪದ. ಗುಟ್ಟು ಎಂಬ ಮಾತು ಕನ್ನಡ, ತೆಲುಗು ಎರಡರಲ್ಲೂ ಇದೆ, ಅರ್ಥವೂ ಒಂದೇ. ನಮ್ಮಲ್ಲಿ ಒಂದೇ ಓಣಿಯಲ್ಲಿ ಎರಡೂ ಭಾಷೆ ನಡೆಯುವುದರಿಂದ ತೆಲುಗಿನವರು ಇಂಥವರನ್ನು ಗುಂಭನಂ ಎಂಬ ಮಾತಿನಲ್ಲಿ ವರ್ಣಿಸುವುದನ್ನೂ ಕೇಳಬಹುದು. ಆದರೆ ಗುಂಭನಂ ಗಂಭೀರವಾದ ಮಾತು. ಗುಮ್ಮನಗುಸುಕದಲ್ಲಿ ಇರುವ ಚುಚ್ಚು ಅದರಲ್ಲಿಲ್ಲ.

ಆ ಚುಚ್ಚು ಎಲ್ಲಿಂದ ಬಂತು? ಪದದ ಎರಡನೇ ಭಾಗ ಗುಸುಗುಸು ಅನ್ನುವುದನ್ನು ನೆನಪಿಸುತ್ತದೆ, ಅಂದರೆ ಕಿವಿಯಲ್ಲಿ ಹೇಳುವ ಮಾತು. ಮೊದಲ ಭಾಗದಲ್ಲಿ ಗುಮ್ಮ ಇದ್ದಾನೆ. ಗುಮ್ಮ ಅಂದರೆ ಮಕ್ಕಳನ್ನು ಹೆದರಿಸಲು ಕರೆಯುವವನು. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣ ಅವನನ್ನು ಕರೆಯಬೇಡ ಎಂದು ಅಮ್ಮನ ಹತ್ತಿರ ಗೋಗರೆಯುತ್ತಾನಲ್ಲ, ಅದೇ ಗುಮ್ಮ. (ದಾಸರ ಹೆಸರಿನ ಮಂಟಪ ಹಂಪಿಯಲ್ಲಿ ತುಂಗಭದ್ರೆಯ ದಡದಲ್ಲೇ ಇದೆ, ಹೊಳೆ ತುಂಬಿದಾಗ ಮುಳುಗುತ್ತದೆ.) ಗುಮ್ಮನನ್ನು ಯಾವ ಮಗುವೂ ಕಂಡಿಲ್ಲ, ಕಾಣದೆ ಇರುವುದೇ ಅವನ ಬಲ. ಇದು ನಿಘಂಟಿನ ತೀರ್ಪಲ್ಲ, ನಾನು ಓದಿಕೊಳ್ಳುವ ರೀತಿ: ಗುಮ್ಮನಗುಸುಕ ಎಂದು ಬೈಯುವಾಗ ನಾವು ಅವನ ಮೌನವನ್ನು ದೂರುತ್ತಿಲ್ಲ, ಅವನನ್ನು ಕಂಡು ಒಂದಿಷ್ಟು ಹೆದರುತ್ತಿದ್ದೇವೆ. ಒಳಗೆ ಏನಿದೆಯೋ ಎಂಬ ಹೆದರಿಕೆ.

ಈಗ ಇತಿಹಾಸಕ್ಕೆ ಬರೋಣ.

ಹೊಸಪೇಟೆಯಿಂದ ಕಂಪ್ಲಿಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಯ ಅರಸ ಕಂಪಿಲರಾಯ, ಅವನ ಮಗ ಗಂಡುಗಲಿ ಕುಮಾರರಾಮ. 2006ರಲ್ಲಿ ಶಿವರಾಜಕುಮಾರ್ ಅಭಿನಯದಲ್ಲಿ ಸಿನಿಮಾ ಬಂದ ಮೇಲೆ ಹೆಸರು ಎಲ್ಲರಿಗೂ ಗೊತ್ತು. ಕಂಪ್ಲಿ, ಸಂಡೂರು ಬೆಟ್ಟಸಾಲಿನ ಹೊಸಮಲೆದುರ್ಗ, ಹೊಳೆಯಾಚೆ ಗಂಗಾವತಿ ಕಡೆಯ ಕುಮ್ಮಟದುರ್ಗ, ಇವು ಆ ಮನೆತನದ ನೆಲೆಗಳು. ಕತೆ ಹೀಗಿದೆ. ಆಡುವಾಗ ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ, ತರಲು ಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ಅವನು ಒಪ್ಪದಿದ್ದಾಗ ಗಂಡನ ಬಳಿ ಸುಳ್ಳು ದೂರು ಹೇಳುತ್ತಾಳೆ. ಕಂಪಿಲ ವಿಚಾರಣೆಯನ್ನೇ ಮಾಡದೆ ಮಗನ ತಲೆ ತೆಗೆಯಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ತಲೆ ತಂದು ತೋರಿಸುತ್ತಾನೆ, ಆದರೆ ಅದು ರಾಮನ ತಲೆಯಲ್ಲ! ರಾಮನನ್ನು ಅವನು ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದಾನೆ. ತೋರಿಸಿದ್ದು ಯಾರ ತಲೆ ಎಂಬುದು ಕತೆ ಹೇಳುವವರು ಬದಲಾದಂತೆ ಬದಲಾಗುತ್ತದೆ. ಮುಂದೆ ದೆಹಲಿಯ ದಂಡು ಬಂದಾಗ, ಮಗ ಇದ್ದಿದ್ದರೆ ಎಂದು ಅರಸ ಹಲುಬುವಾಗ, ಬೈಚಪ್ಪ ಗುಟ್ಟು ಬಿಚ್ಚುತ್ತಾನೆ.

ಸ್ವಲ್ಪ ಯೋಚಿಸಿ. ಮಗ ಸತ್ತನೆಂದು ಅರಮನೆ, ಊರು ಎಲ್ಲ ನಂಬಿರುವಾಗ, ದಿನಾ ಅರಸನ ಮುಂದೆ ಕೂತು, ಲೆಕ್ಕಪತ್ರ ಒಪ್ಪಿಸಿ, ಮುಖದಲ್ಲಿ ಏನೂ ತೋರಿಸದೆ ಮನೆಗೆ ಹೋಗುವುದು! ಬೈಚಪ್ಪನಿಗಿಂತ ದೊಡ್ಡ ಗುಮ್ಮನಗುಸುಕ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ.

ಕುಮ್ಮಟಕ್ಕೂ ಗುಮ್ಮನಿಗೂ ಸದ್ದು ಹತ್ತಿರ ಇರುವುದರಿಂದ ಕುಮ್ಮಟದ ಗುಟ್ಟಿನಿಂದಲೇ ಈ ಪದ ಹುಟ್ಟಿತು ಎಂದು ಹೇಳುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಸದ್ದು ಹತ್ತಿರವಿದ್ದ ಮಾತ್ರಕ್ಕೆ ಪದಗಳು ನೆಂಟರಾಗುವುದಿಲ್ಲ. ಗುಮ್ಮನಿಗೆ ಕೋಟೆಯ ಹಂಗು ಬೇಕಿಲ್ಲ, ಅವನು ಮಕ್ಕಳಿರುವ ಎಲ್ಲ ಮನೆಯಲ್ಲೂ ಇದ್ದಾನೆ.

ಇದರಲ್ಲಿ ಇತಿಹಾಸ ಎಷ್ಟು, ಕತೆ ಎಷ್ಟು? ಕಂಪಿಲನ ಅಂತ್ಯ ಇತಿಹಾಸ. ದೆಹಲಿಯ ಮಹಮದ್ ಬಿನ್ ತುಘಲಕನ ಸೋದರ ಸಂಬಂಧಿ, ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಷಾಸ್ಪ್ ದಂಗೆಯೆದ್ದು ಸೋತು ಓಡಿಬಂದಾಗ ಕಂಪಿಲ ಆಶ್ರಯ ಕೊಟ್ಟ. ಸುಲ್ತಾನನ ಸೈನ್ಯ ಬಂದಿತು, ಕೋಟೆಯ ಹೆಂಗಸರು ಬೆಂಕಿಗೆ ಬಿದ್ದರು, ಕಂಪಿಲ ಹೋರಾಡಿ ಸತ್ತ. ಇದು 1327ರ ಸುಮಾರು. ಸೆರೆಸಿಕ್ಕ ಹನ್ನೊಂದು ಮಂದಿ ಗಂಡುಮಕ್ಕಳನ್ನು ಮತಾಂತರಿಸಿ ದೆಹಲಿಗೆ ಒಯ್ದರೆಂದು ಇಬ್ನ್ ಬತೂತ ಬರೆದಿದ್ದಾನೆ, ಅವರಲ್ಲಿ ಮೂವರನ್ನು ಅಲ್ಲಿ ಕಣ್ಣಾರೆ ಕಂಡಿದ್ದಾನೆ. ಆದರೆ ನೆಲಮಾಳಿಗೆಯ ಕತೆ ಅವನಲ್ಲಿಲ್ಲ. ಅದು ನಮಗೆ ಸಿಗುವುದು ಸುಮಾರು ಇನ್ನೂರು ವರ್ಷ ಕಳೆದು, 16ನೇ ಶತಮಾನದಲ್ಲಿ ನಂಜುಂಡ ಕವಿ ಬರೆದ ಸಾಂಗತ್ಯ ಕಾವ್ಯದಲ್ಲಿ.

ಅದೇ 16ನೇ ಶತಮಾನದ ಹಂಪಿಗೆ ಹೋಗೋಣ. ಅಲ್ಲಿ ಇನ್ನೊಬ್ಬ ಮಂತ್ರಿ ಇದ್ದಾನೆ, ಸಾಳುವ ತಿಮ್ಮರಸ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ 1535ರ ಸುಮಾರಿಗೆ ಬರೆದಿಟ್ಟದ್ದು ಹೀಗಿದೆ. ಅರಸ ವೀರನರಸಿಂಹ ಸಾಯುವ ಸ್ಥಿತಿಯಲ್ಲಿದ್ದ. ಎಂಟು ವರ್ಷದ ತನ್ನ ಮಗ ಪಟ್ಟಕ್ಕೆ ಬರಲಿ ಎಂದು, ತಮ್ಮ ಕೃಷ್ಣರಾಯನ ಕಣ್ಣು ಕಿತ್ತು ತಂದು ತೋರಿಸು ಎಂದು ಮಂತ್ರಿಗೆ ಅಪ್ಪಣೆ ಮಾಡಿದ. ತಿಮ್ಮರಸ ಕೃಷ್ಣರಾಯನನ್ನು ಕುದುರೆ ಲಾಯಕ್ಕೆ ಕರೆದೊಯ್ದು ವಿಷಯ ತಿಳಿಸಿದ. ನನಗೆ ರಾಜ್ಯವೇ ಬೇಡ, ಜೋಗಿಯಾಗಿ ಹೋಗುತ್ತೇನೆ ಎಂದ ಕೃಷ್ಣರಾಯ. ತಿಮ್ಮರಸ ಒಂದು ಆಡು ತರಿಸಿ, ಅದರ ಕಣ್ಣು ಕೀಳಿಸಿ, ಅದನ್ನು ಒಯ್ದು ಅರಸನಿಗೆ ತೋರಿಸಿದ. ಅರಸ ನಂಬಿ ಸತ್ತ. ಕೃಷ್ಣದೇವರಾಯ 1509ರಲ್ಲಿ ಪಟ್ಟವೇರಿದ.

ಎರಡೂ ಕತೆ ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಬೇರೆ ತಲೆ, ಇಲ್ಲಿ ಆಡಿನ ಕಣ್ಣು. ಅಲ್ಲಿ ನೆಲಮಾಳಿಗೆ, ಇಲ್ಲಿ ಕುದುರೆ ಲಾಯ. ನಂಜುಂಡ ಮತ್ತು ನೂನಿಜ್ ಇಬ್ಬರೂ ಒಂದೇ ಶತಮಾನದವರು. ಒಬ್ಬ ಕೇಳಿದ ಕತೆಯನ್ನು ಕಾವ್ಯ ಮಾಡಿದ, ಇನ್ನೊಬ್ಬ ಕೇಳಿದ ಸುದ್ದಿಯನ್ನು ವರದಿ ಮಾಡಿದ. ನೂನಿಜ್ ಬರೆಯುವಾಗ ಘಟನೆಗೆ ಇಪ್ಪತ್ತೈದು ವರ್ಷ ದಾಟಿತ್ತು. ಆದ್ದರಿಂದ ಆಡಿನ ಕಣ್ಣು ನಿಜವಾಗಿ ನಡೆದದ್ದೇ ಎಂದು ನಾನು ಪ್ರಮಾಣ ಮಾಡುವುದಿಲ್ಲ. ನನಗೆ ತೋರುವುದು ಇಷ್ಟು: ರಾಜನಿಗೆ ಸುಳ್ಳು ಹೇಳಿ ರಾಜ್ಯ ಉಳಿಸಿದ ಮಂತ್ರಿ ಎಂಬ ಕತೆ ಆಗಿನ ಜನರ ಬಾಯಲ್ಲಿ ಓಡಾಡುತ್ತಿತ್ತು, ಅವರಿಗೆ ಅದು ಬೇಕಾಗಿತ್ತು.

ಅಂದ ಹಾಗೆ, ನಮ್ಮ ಹೊಸಪೇಟೆಯ ಹುಟ್ಟಿನಲ್ಲೂ ಒಂದು ಗುಟ್ಟಿದೆ. ಇದೂ ನೂನಿಜ್ ಹೇಳುವುದೇ. ಪಟ್ಟಕ್ಕೆ ಬರುವ ಮುಂಚೆ ಕೃಷ್ಣರಾಯ ಚಿನ್ನಾದೇವಿ ಎಂಬ ನರ್ತಕಿಯ ಮನೆಗೆ ಗುಟ್ಟಾಗಿ ಹೋಗುತ್ತಿದ್ದ. ರಾಜನಾದ ಮೇಲೂ ಅದು ತಪ್ಪಲಿಲ್ಲ. ಅದನ್ನು ಹಿಂಬಾಲಿಸಿ ಪತ್ತೆ ಮಾಡಿದವನು ಇದೇ ತಿಮ್ಮರಸ! ಕೊನೆಗೆ ಅವಳು ರಾಣಿಯಾದಳು. ಅವಳ ಮೇಲಿನ ಪ್ರೀತಿಗೆ ಕಟ್ಟಿಸಿದ ಹೊಸ ಪಟ್ಟಣ ನಾಗಲಾಪುರ, ಈಗಿನ ಹೊಸಪೇಟೆ. ಅಂದರೆ ತಿಮ್ಮರಸ ಗುಟ್ಟು ಇಟ್ಟುಕೊಳ್ಳುವುದರಲ್ಲಿ ಅಷ್ಟೇ ಅಲ್ಲ, ಇನ್ನೊಬ್ಬರ ಗುಟ್ಟು ಹಿಡಿಯುವುದರಲ್ಲೂ ಪಳಗಿದವನು.

ಅವನ ಕೊನೆ ಏನಾಯಿತು? ಕೃಷ್ಣದೇವರಾಯ ತನ್ನ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ, 1524ರ ಸುಮಾರಿಗೆ. ಕೆಲವೇ ತಿಂಗಳಲ್ಲಿ ಮಗು ಕಾಯಿಲೆ ಬಿದ್ದು ಸತ್ತಿತು. ತಿಮ್ಮರಸನ ಮಗ ವಿಷ ಹಾಕಿಸಿದ ಎಂದು ಅರಸನ ಕಿವಿಗೆ ಬಿತ್ತು. ತುಂಬಿದ ಸಭೆಗೆ ತಿಮ್ಮರಸನನ್ನು ಕರೆಸಿದ. ಅಲ್ಲಿ ರಾಯ ಆಡಿದ ಮಾತು ನೂನಿಜ್‌ನ ಬರಹದಲ್ಲಿ ಓದಿದಾಗ ನನಗೆ ಮೈ ಜುಮ್ಮೆಂದಿತು. ಅದರ ತಾತ್ಪರ್ಯ ಇಷ್ಟು: ನೀನು ನನಗೆ ರಾಜ್ಯ ಕೊಟ್ಟೆ ನಿಜ, ಆದರೆ ಅದಕ್ಕೆ ನಾನು ಋಣಿಯಲ್ಲ, ನನ್ನ ಅಣ್ಣ ಕಣ್ಣು ಕೀಳೆಂದಾಗ ನೀನು ಕೀಳಲಿಲ್ಲ, ಆಡಿನ ಕಣ್ಣು ತೋರಿಸಿ ನಿನ್ನ ಒಡೆಯನಿಗೆ ಮೋಸ ಮಾಡಿದೆ, ಆದ್ದರಿಂದ ನೀನು ದ್ರೋಹಿ.

ಯಾವ ಗುಟ್ಟಿನಿಂದ ತನ್ನ ಕಣ್ಣು ಉಳಿಯಿತೋ ಅದನ್ನೇ ಅಪರಾಧ ಎಂದು ಎತ್ತಿ ಆಡಿದ! ತಿಮ್ಮರಸ ಮತ್ತು ಮಕ್ಕಳು ಮೂರು ವರ್ಷ ಸೆರೆಯಲ್ಲಿದ್ದರು. ಒಬ್ಬ ಮಗ ತಪ್ಪಿಸಿಕೊಂಡು ಹೋಗಿ ಮತ್ತೆ ಸಿಕ್ಕಿಬಿದ್ದ. ಬ್ರಾಹ್ಮಣರಿಗೆ ಮರಣದಂಡನೆ ಇಲ್ಲವೆಂದು ಮೂವರ ಕಣ್ಣು ಕೀಳಿಸಿ ಮತ್ತೆ ಸೆರೆಗೆ ಹಾಕಿದರಂತೆ. ಆಡಿನ ಕಣ್ಣು ತೋರಿಸಿದವನ ಕಣ್ಣೇ ಹೋಯಿತು.

ವಿಷದ ಆರೋಪ ನಿಜವೋ ಸುಳ್ಳೋ, ಅದು ಬೇರೆ ಚರ್ಚೆ. ನಾನು ನೋಡುವುದು ಅರಸನ ಮನಸ್ಸನ್ನು. ಒಬ್ಬ ರಾಜನ ಮುಂದೆ ಮುಖ ಬದಲಾಗದೆ ಸುಳ್ಳು ಕಣ್ಣು ಇಟ್ಟವನು ಇನ್ನೊಬ್ಬ ರಾಜನ ಮುಂದೆ ಏನನ್ನು ಮರೆಮಾಡಲಾರ? ಹದಿನೈದು ವರ್ಷ ಜೊತೆಗಿದ್ದರೂ ಆ ಪ್ರಶ್ನೆ ರಾಯನ ಒಳಗೆ ಎಲ್ಲೋ ಕೂತಿತ್ತು. ಮಗು ಸತ್ತ ದುಃಖದಲ್ಲಿ ಅದು ಹೊರಗೆ ಬಂತು. ಅದೇ ನಾನು ಹೇಳಿದ ಗುಮ್ಮ.

ಬೈಚಪ್ಪನಿಗೆ ಹೀಗಾಗಲಿಲ್ಲ. ಯಾಕೆ? ನನ್ನ ಲೆಕ್ಕ ಹೀಗಿದೆ. ಬೈಚಪ್ಪನಿಂದ ಮೋಸ ಹೋದ ಅರಸ ಬದುಕಿದ್ದ, ಗುಟ್ಟು ಬಿಚ್ಚಿದಾಗ ಅವನಿಗೆ ಮಗ ಸಿಕ್ಕಿದ, ಅವನೇ ಕ್ಷಮಿಸಿದ. ಅಲ್ಲಿಗೆ ಲೆಕ್ಕ ಚುಕ್ತಾ. ತಿಮ್ಮರಸನಿಂದ ಮೋಸ ಹೋದ ಅರಸ ಸತ್ತುಹೋದ, ಕ್ಷಮಿಸುವವರು ಯಾರೂ ಉಳಿಯಲಿಲ್ಲ. ಉಳಿದದ್ದು ಉಪಕಾರ ಪಡೆದವನು ಮಾತ್ರ, ಅವನಿಗೆ ಈ ಮನುಷ್ಯ ಎಂಥಾ ಕೆಲಸ ಮಾಡಬಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು.

ಹಂಪಿಯ ಮಹಾನವಮಿ ದಿಬ್ಬದ ಹತ್ತಿರ ನೆಲದೊಳಗೆ ಇಳಿಯುವ ಒಂದು ಕತ್ತಲೆ ಕೋಣೆ ಇದೆ. ಅರಸನೂ ಮಂತ್ರಿಯೂ ಗುಟ್ಟು ಮಾತಾಡುತ್ತಿದ್ದ ಕೋಣೆ ಎಂದು ಗೈಡುಗಳು ತೋರಿಸುತ್ತಾರೆ. ಖಜಾನೆಯೋ ಗುಡಿಯೋ ಆಗಿದ್ದಿರಬಹುದು ಎನ್ನುವವರೂ ಇದ್ದಾರೆ. ಏನೇ ಇರಲಿ, ಅಲ್ಲಿ ಇಳಿದಾಗ ನನಗೆ ನೆನಪಾಗುವುದು ರಾಜರಲ್ಲ, ನಮ್ಮ ಅಜ್ಜಿ.

ಅಜ್ಜಿ ನಾರಾಯಣದೇವರಕೆರೆಯವಳು. ತುಂಗಭದ್ರಾ ಅಣೆಕಟ್ಟಿನ ನೀರಲ್ಲಿ ಆ ಊರು ಮುಳುಗಿತು, ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆ ಗದ್ದಲದಲ್ಲಿ, ಆಮೇಲೂ, ಓಣಿಯ ಹೆಂಗಸರು ಗಂಡಂದಿರಿಗೆ ತಿಳಿಯದಂತೆ ಉಳಿಸಿದ ರೊಕ್ಕ, ಚೂರುಪಾರು ಬಂಗಾರ ತಂದು ಅಜ್ಜಿಯ ಕೈಗೆ ಕೊಡುತ್ತಿದ್ದರು. ಅಜ್ಜ ಎಷ್ಟು ಕೇಳಿದರೂ ಯಾರದು ಏನು ಅಂತ ಅಜ್ಜಿ ಹೇಳಿದವಳಲ್ಲ. "ಇಕಿ ಒಬ್ಬಾಕಿ ಗುಮ್ಮನಗುಸುಕಿ" ಎಂದು ಅಜ್ಜ ಸಾಯುವ ತನಕ ಬೈದ. ಅಜ್ಜಿ ಹೋಗುವ ಮುಂಚೆ ನಮ್ಮ ಅವ್ವನನ್ನು ಕರೆದು, ಉಳಿದಿದ್ದ ಗಂಟುಗಳನ್ನು ಒಂದೊಂದಾಗಿ ತೋರಿಸಿ, ಯಾವುದು ಯಾರಿಗೆ ಸೇರಬೇಕೆಂದು ಹೇಳಿದಳು. ಎಲ್ಲ ಅವರವರಿಗೆ ಸೇರಿತು. ಬರೆದಿಟ್ಟ ಚೀಟಿ ಒಂದೂ ಇರಲಿಲ್ಲ.

ಅಜ್ಜ ಬೈದದ್ದೂ ಸುಮ್ಮನೆ ಅಲ್ಲ. ತನ್ನ ಮನೆಯಲ್ಲೇ ತನಗೆ ಗೊತ್ತಿಲ್ಲದ ಒಂದು ಕೋಣೆ ಇದೆ ಎಂಬುದು ಯಾರಿಗಾದರೂ ಕಸಿವಿಸಿಯೇ. ಆದರೆ ಆ ಹೆಂಗಸರಿಗೆ ಊರು ಮುಳುಗಿದಾಗಲೂ ಮುಳುಗದ ಜಾಗ ಅದೊಂದೇ ಆಗಿತ್ತು. ಕೈಯಲ್ಲಿ ಅಧಿಕಾರ ಇದ್ದವರಿಗೆ ಗುಮ್ಮನಗುಸುಕ ಕಂಡರೆ ಭಯ, ಅಧಿಕಾರ ಇಲ್ಲದವರಿಗೆ ಅವನೇ ಆಸರೆ.

ಆದ್ದರಿಂದ ಇನ್ನು ಮುಂದೆ ಯಾರನ್ನಾದರೂ ಗುಮ್ಮನಗುಸುಕ ಎಂದು ಬೈಯುವ ಮುಂಚೆ ಒಂದು ಕ್ಷಣ ಯೋಚಿಸಿ. ಆ ಗುಟ್ಟು ಯಾರಿಂದ ಮುಚ್ಚಿಟ್ಟದ್ದು, ಯಾರಿಗಾಗಿ ಮುಚ್ಚಿಟ್ಟದ್ದು? ಎರಡಕ್ಕೂ ಉತ್ತರ "ತನಗಾಗಿ" ಎಂದಾದರೆ ಧಾರಾಳವಾಗಿ ಬೈಯಿರಿ. ಅಲ್ಲವಾದರೆ, ಬೈದರೂ ಮೆಲ್ಲಗೆ ಬೈಯಿರಿ... ಒಳಗೆ ಒಬ್ಬ ಕುಮಾರರಾಮ ಉಸಿರಾಡುತ್ತಿರಬಹುದು.