ಅವೇಳೆಯಲ್ಲಿ ವೈದ್ಯರನ್ನು ಕರೆಯುವದು

ವೈದ್ಯನನ್ನು ಕರೆಯಲು ಬಂದ ದೂತನ ಲಕ್ಷಣಗಳಿಂದಲೇ ರೋಗಿಯ ಗತಿಯನ್ನು ಊಹಿಸಬಹುದೆಂದು ನಮ್ಮ ಪ್ರಾಚೀನ ವೈದ್ಯಶಾಸ್ತ್ರಕಾರರು ನಂಬಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದ 29ನೆಯ ಅಧ್ಯಾಯವು ದೂತ, ಶಕುನ, ಸ್ವಪ್ನಗಳ ವಿಚಾರಕ್ಕೇ ಮೀಸಲಾಗಿದೆ. ವಾಗ್ಭಟನೂ ಅಷ್ಟಾಂಗಹೃದಯದಲ್ಲಿ ಇದಕ್ಕೊಂದು ಅಧ್ಯಾಯವನ್ನು ಕೊಟ್ಟಿರುವನು. ನಡುಹಗಲು, ನಡುರಾತ್ರಿ, ಎರಡು ಸಂಧ್ಯಾಕಾಲಗಳು, ಈ ವೇಳೆಗಳಲ್ಲಿ ಬಂದ ದೂತನು ನಿಂದ್ಯನು. ಒದ್ದೆಬಟ್ಟೆಯವನು, ಕೋಲು ಹಗ್ಗ ಆಯುಧಗಳನ್ನು ಹಿಡಿದವನು ನಿಂದ್ಯನು.

ಇದನ್ನು ಓದಿದಾಗಲೆಲ್ಲ ನನಗೆ ಸಿದ್ಧಾಪುರದ ಕಡೆಯ ಕರೆಯಾಳೊಬ್ಬನು ಕಣ್ಣ ಮುಂದೆ ನಿಲ್ಲುವನು. ಆಷಾಢದ ನಡುರಾತ್ರಿ, ತಲೆಯ ಮೇಲೆ ಕಂಬಳಿಕೊಪ್ಪೆ, ಸೊಂಟದಲ್ಲಿ ಕತ್ತಿ, ಹಳ್ಳದ ಸಂಕ ದಾಟುವಾಗ ಆಧಾರಕ್ಕೆಂದು ಹಿಡಿದ ಕೋಲು, ಮೈಯೆಲ್ಲ ಒದ್ದೆ. ಶಾಸ್ತ್ರದ ಯಾವ ಪರೀಕ್ಷೆಯಲ್ಲಿಯೂ ಅವನು ತೇರ್ಗಡೆಯಾಗಲಾರನು. ಆದರೂ ಅವನ ಹಿಂದೆ ವೈದ್ಯರು ಹೊರಟು ಬರುತ್ತಿದ್ದರೆಂಬುದನ್ನು ನಮ್ಮ ಮನೆಮನೆಯ ಹಿರಿಯರು ಹೇಳಿದ್ದಾರೆ. ಸುಶ್ರುತನಿಗೆ ಅನ್ಯಾಯ ಮಾಡಬಾರದು. ಬಿಸಿಲಿನಲ್ಲಿ ಬೆವರಿ ನಡುಹಗಲಲ್ಲಿ ಬಂದ ದೂತನು ಪಿತ್ತರೋಗಕ್ಕೆ ಕೆಟ್ಟವನಾದರೂ ಕಫರೋಗಕ್ಕೆ ಒಳ್ಳೆಯವನೆಂದು ಅವನೇ ಹೇಳಿರುವನು. ಅಂತೂ ವೇಳೆಯೂ ರೋಗಪರೀಕ್ಷೆಯ ಒಂದು ಅಂಗವಾಗಿತ್ತು.

ರೋಗಿಯೇ ಚಿಕಿತ್ಸೆಯ ಸ್ಥಳಕ್ಕೆ ಹೋಗುವ ಪದ್ಧತಿಯೂ ನಮ್ಮ ನಾಡಿಗೆ ಹೊಸದಲ್ಲ. ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು, ಅದು ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೆಂದು ಹೇಳುತ್ತದೆ. ಆದರೆ ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ವಸತಿಯ ರೀತಿಯೇ ಬೇರೆ. ಬಯಲುಸೀಮೆಯಂತೆ ಇಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಸಾಲಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಒಂದೋ ಎರಡೋ ಮನೆ, ನಡುವೆ ಬೆಟ್ಟ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ನೆರೆಮನೆಯೇ ಪರದೇಶ. ಇಂಥಲ್ಲಿ ಜ್ವರ ಬಂದವನನ್ನು ಎಬ್ಬಿಸಿ ನಡೆಸುವದಕ್ಕಿಂತ ಗಟ್ಟಿಕಾಲಿನವನೊಬ್ಬನನ್ನು ವೈದ್ಯರಲ್ಲಿಗೆ ಅಟ್ಟುವದು ಸುಲಭವಾಗಿತ್ತು. ಬೇರೆ ಉಪಾಯವಿಲ್ಲದಿದ್ದರೆ ಕಂಬಳಿಯ ಜೋಲಿಯಲ್ಲಿ ರೋಗಿಯನ್ನು ಮಲಗಿಸಿ, ಬಿದಿರಿನ ಗಳಕ್ಕೆ ಹೆಗಲುಕೊಟ್ಟು, ಮುಂದೊಬ್ಬನು ಸೂಡಿ ಬೀಸುತ್ತ ನಡೆಯುವದು. ನಾಟಿವೈದ್ಯರಲ್ಲಿಯೂ ವೇಳೆಯ ಕಟ್ಟಳೆಗಳಿದ್ದವು. ಕಾಮಾಲೆಗೆ ಔಷಧ ಕೊಡುವವರು ಬೆಳಗಿನಲ್ಲಿ ಬರಿಹೊಟ್ಟೆಯಲ್ಲಿಯೇ ಬರಹೇಳುವರು. ವಿಷದ ಔಷಧಕ್ಕೆ ಮಾತ್ರ ವೇಳೆಯಿಲ್ಲವೆಂಬುದು ಎಲ್ಲರ ತಿಳಿವಳಿಕೆಯಾಗಿತ್ತು.

1862ರಲ್ಲಿ ಉತ್ತರ ಕನ್ನಡವು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಮುಂದೆ ಬಂದ ಸರಕಾರಿ ದವಾಖಾನೆಯ ಸಂಗಡ ಒಂದು ಹೊಸ ಕಲ್ಪನೆಯೂ ಬಂದಿತು. ವೈದ್ಯನಿಗೆ ಬಾಗಿಲೊಂದುಂಟು, ಬಾಗಿಲಿಗೆ ತೆರೆಯುವ ಮುಚ್ಚುವ ತಾಸುಗಳುಂಟು ಎಂಬುದೇ ಅದು. ಅವೇಳೆಯೆಂಬ ಮಾತಿಗೆ ಇಂದಿನ ಅರ್ಥವು ಅಂದಿನಿಂದ ಹುಟ್ಟಿತೆಂದು ನನ್ನ ಅಭಿಪ್ರಾಯ. ಹಿಂದೆ ಅದು ಅಶುಭಕಾಲ. ಈಗ ಬಾಗಿಲು ಮುಚ್ಚಿದ ಕಾಲ.

ವಿಚಿತ್ರವೆಂದರೆ, ಈ ಸೀಮೆಯನ್ನು ಬಹುಕಾಲ ಕಾಡಿದ ಮಲೆಜ್ವರವು ತಾನೂ ವೇಳೆ ಹಿಡಿದು ಬರುವ ರೋಗವಾಗಿತ್ತು. ದಿನ ಬಿಟ್ಟು ದಿನ ಚಳಿ, ಚಳಿಯ ಹಿಂದೆ ಉರಿ, ಉರಿಯ ಹಿಂದೆ ಬೆವರು. ನಾಳೆಯಲ್ಲ ನಾಡಿದ್ದು ಮಧ್ಯಾಹ್ನ ನಡುಕ ಬರುವದೆಂದು ರೋಗಿಗೇ ತಿಳಿದಿರುತ್ತಿತ್ತು; ಬಿಡುವಿನ ದಿನ ಅವನೇ ನಡೆದು ಹೋಗಿ ಕ್ವಿನೈನ್ ತರಬಹುದಾಗಿತ್ತು. 1946ರಿಂದ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕಾರವಾರ, ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಆ ಪಿಡುಗು ಹಿಮ್ಮೆಟ್ಟಿತು. ಹಳ್ಳಿಗಳಲ್ಲಿ ಮಲೇರಿಯಾವನ್ನು ಈ ರೀತಿಯಿಂದ ತಡೆಯಬಹುದೆಂಬುದಕ್ಕೆ ನಮ್ಮ ಜಿಲ್ಲೆಯ ಕಾರ್ಯವು ಭಾರತದಲ್ಲಿಯೇ ಮೊದಲಿನ ನಿದರ್ಶನಗಳಲ್ಲೊಂದು. ಆದರೆ ಹೆರಿಗೆ, ಹಾವು ಕಡಿತ, ಎದೆನೋವು, ಅಡಿಕೆಮರದಿಂದ ಬಿದ್ದವರ ಗಾಯ, ಇವು ಉಳಿದವು. ಇವು ದವಾಖಾನೆಯ ತಾಸನ್ನು ಲೆಕ್ಕಿಸುವವಲ್ಲ.

1953ರಲ್ಲಿ ಮಣಿಪಾಲದಲ್ಲಿ, 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜುಗಳಾದವು. ಅಂದಿನಿಂದ ಕಠಿಣ ರೋಗವೆಂದರೆ ಘಟ್ಟ ಇಳಿಯಬೇಕು, ಇಲ್ಲವೆ ಬಯಲಿಗೆ ಹೋಗಬೇಕು ಎಂಬ ರೂಢಿ ಬಿದ್ದಿತು. ಶಿರಸಿಯಿಂದ ಹುಬ್ಬಳ್ಳಿಯು ಸುಮಾರು 100 ಕಿಲೋಮೀಟರು, ಯಲ್ಲಾಪುರದಿಂದ ಸುಮಾರು 70. ದೇವಿಮನೆ ಘಟ್ಟವಾಗಲಿ ಅರಬೈಲು ಘಟ್ಟವಾಗಲಿ ಮಳೆಯ ರಾತ್ರಿಯಲ್ಲಿ ಎಷ್ಟು ಹೊತ್ತು ಹಿಡಿಯುವದೆಂಬುದನ್ನು ಕಿಲೋಮೀಟರು ಕಲ್ಲುಗಳು ಹೇಳುವದಿಲ್ಲ. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಸಂಸ್ಥೆಯು ಆರಂಭವಾಯಿತಾದರೂ ಘಟ್ಟದ ಮೇಲಿನವರಿಗೆ ಅದೂ ದೂರವೇ. 2019ರ ಜೂನ್ ತಿಂಗಳಲ್ಲಿ ಜಿಲ್ಲೆಗೊಂದು ತುರ್ತುಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕೆಂದು ಎದ್ದ ಕೂಗಿನಲ್ಲಿ ದೇಶಾಂತರದಲ್ಲಿದ್ದ ಮಕ್ಕಳೂ ದನಿಗೂಡಿಸಿದರು. ತಂದೆತಾಯಿಗಳು ತೋಟದ ಮನೆಯಲ್ಲಿ ಇಬ್ಬರೇ ಉಳಿದಿರುವಾಗ ಆ ಮಕ್ಕಳ ಭಯವು ಸಹಜವಾದದ್ದು.

ದೂತನ ಕೆಲಸವನ್ನು ಈಗ ಯಂತ್ರವು ಮಾಡುತ್ತದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಗಲಿರುಳು ತೆರೆದಿರಬೇಕೆಂದಾಯಿತು. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108ರ ಅಂಬುಲೆನ್ಸ್ ಸೇವೆ ಆರಂಭವಾಯಿತು. 2020ರ ಏಪ್ರಿಲ್‌ದಿಂದ ಇ-ಸಂಜೀವಿನಿಯಲ್ಲಿ ಮನೆಯಲ್ಲಿ ಕುಳಿತೇ ಟೋಕನ್ ಪಡೆದು ವೈದ್ಯರ ಮುಖ ನೋಡಿ ಮಾತಾಡುವದು ಸಾಧ್ಯವಾಯಿತು. ಪೇಟೆಯ ಖಾಸಗಿ ವೈದ್ಯರಲ್ಲಿಯಂತೂ ಹಿಂದಿನ ದಿನವೇ ಫೋನಿನಲ್ಲಿ ನಂಬರು ಹಚ್ಚುವದು ರೂಢಿಯಾಗಿದೆ. ಆದರೆ ನಂಬರು ಹಚ್ಚುವದು ನಾಳೆಯವರೆಗೆ ಕಾಯಬಲ್ಲ ರೋಗಕ್ಕೆ.

ನಾನು ಬಲ್ಲ ಒಂದು ಮನೆಯಲ್ಲಿ ಕಳೆದ ಮಳೆಗಾಲ ಮುದುಕರೊಬ್ಬರಿಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದಿತು. ಕರೆಂಟು ಹೋಗಿತ್ತು, ಮನೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಮೊಮ್ಮಗನು ಕೊಡೆ ಹಿಡಿದು ಗುಡ್ಡ ಹತ್ತಿ 108ಕ್ಕೆ ಕರೆಮಾಡಿದನು. ದೂರದ ನಗರದಲ್ಲಿ ಕುಳಿತವರು ಊರ ಹೆಸರನ್ನೂ ಹತ್ತಿರದ ಗುರುತನ್ನೂ ಕೇಳಿದರು. ಗುರುತೆಂದರೆ ಏನು ಹೇಳಬೇಕು? ಹಲಸಿನ ಮರ, ತಿರುವು, ಚೌಡಿಯ ಕಟ್ಟೆ. ಕಡೆಗೆ ಅವನು ಬ್ಯಾಟರಿ ಹಿಡಿದು ಡಾಂಬರು ರಸ್ತೆಯವರೆಗೆ ಎರಡು ಮೈಲು ಓಡಿ, ಬಂದ ಗಾಡಿಗೆ ತಾನೇ ದಾರಿ ತೋರಿಸುತ್ತ ಕರೆತಂದನು. ಮುದುಕರು ಬದುಕಿಕೊಂಡರು. ತಿರುಗಿ ಬರುವಾಗ ಅವನೂ ಪೂರ್ತಿ ಒದ್ದೆಯಾಗಿದ್ದನಂತೆ.