ಗ್ಯಾರೇಜ್ ಬಾಗಿಲು ಕೈಕೊಟ್ಟಿದೆಯೇ? ಸ್ಪ್ರಿಂಗ್‌ಗೆ ಕೈ ಹಾಕುವ ಮೊದಲು ಇದನ್ನು ಓದಿ

ಕೆಟ್ಟುಹೋದ ಗ್ಯಾರೇಜ್ ಬಾಗಿಲನ್ನು ಐದೇ ನಿಮಿಷದಲ್ಲಿ ನೀವೇ ಸರಿಮಾಡಿ, ರಿಪೇರಿಯವರಿಗೆ ದುಡ್ಡು ಸುರಿಯಬೇಡಿ ಎನ್ನುವ ಬಗೆಯ ವಿಡಿಯೊಗಳನ್ನು ನೀವೂ ನೋಡಿರಬಹುದು. ಮಕ್ಕಳು ಅಮೆರಿಕದಲ್ಲಿದ್ದರೆ ಫ್ಯಾಮಿಲಿ ಗ್ರೂಪ್‌ನಲ್ಲಿ ಇಂಥವು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಫಾರ್ವರ್ಡ್ ಆಗುತ್ತಲೇ ಇರುತ್ತವೆ. ಅವುಗಳಲ್ಲಿ ಕೆಲವು ಸಲಹೆಗಳು ಸರಿಯಾಗಿಯೇ ಇವೆ. ಆದರೆ ಬಾಗಿಲಿನ ಮೇಲಿರುವ ಸ್ಪ್ರಿಂಗ್‌ಗೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿ ಬಿಗಿ ಮಾಡಿ ಎನ್ನುವ ಸಲಹೆ ಬೆರಳಿಗೆ, ಕಣ್ಣಿಗೆ, ಕೆಲವೊಮ್ಮೆ ಜೀವಕ್ಕೇ ಸಂಚಕಾರ ತರುವಂಥದ್ದು. ಯಾವುದನ್ನು ನಾವೇ ನೋಡಿಕೊಳ್ಳಬಹುದು, ಯಾವುದನ್ನು ಮುಟ್ಟಲೇಬಾರದು ಎಂದು ಗೊತ್ತಾಗಬೇಕಾದರೆ ಆ ಬಾಗಿಲು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು.

ಬಾಗಿಲನ್ನು ಎತ್ತುವುದು ಯಾರು?

ಮೋಟಾರು ಎಂದೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಗುಂಡಿ ಒತ್ತಿದಾಗ ಗುರ್ ಎನ್ನುವುದು ಅದೇ ತಾನೇ! ನಿಜವಾಗಿ ಭಾರ ಹೊರುವುದು ಸ್ಪ್ರಿಂಗ್. ಅಮೆರಿಕದ ಮನೆಗಳಲ್ಲಿ ಎರಡು ಕಾರಿನ ಗ್ಯಾರೇಜಿಗೆ ಹಾಕುವ ಉಕ್ಕಿನ ಬಾಗಿಲು ಸುಲಭವಾಗಿ 70–80 ಕಿಲೋ ತೂಗುತ್ತದೆ. ಅಗಲವಾದ ಹಲಗೆಗಳನ್ನು ಕೀಲುಗಳಿಂದ ಜೋಡಿಸಿದ ಈ ಬಾಗಿಲು ಎರಡೂ ಬದಿಯ ಹಳಿಗಳಲ್ಲಿ ಮೇಲಕ್ಕೆ ಜಾರಿ, ಚಾವಣಿಯ ಕೆಳಗೆ ಅಡ್ಡಲಾಗಿ ಮಲಗುತ್ತದೆ. ಬಾಗಿಲಿನ ನೆತ್ತಿಯ ಮೇಲೊಂದು ಸರಳು, ಅದರ ಸುತ್ತ ದಪ್ಪನೆಯ ಸ್ಪ್ರಿಂಗ್, ಸರಳಿನ ಎರಡೂ ತುದಿಗೆ ರಾಟೆಯಂಥ ಡ್ರಮ್, ಅಲ್ಲಿಂದ ಬಾಗಿಲಿನ ಕೆಳಮೂಲೆಗಳಿಗೆ ಉಕ್ಕಿನ ಕೇಬಲ್. ಬಾಗಿಲು ಇಳಿಯುವಾಗ ಸ್ಪ್ರಿಂಗ್ ಮುರಿಗೊಂಡು ಬಿಗಿಯಾಗುತ್ತದೆ. ಏಳುವಾಗ ಆ ಬಿಗಿತವೇ ಬಾಗಿಲನ್ನು ಮೇಲಕ್ಕೆಳೆಯುತ್ತದೆ. ಏತದ ಹಿಂತುದಿಗೆ ಕಟ್ಟಿದ ಕಲ್ಲು ನೀರಿನ ಭಾರವನ್ನು ಸರಿದೂಗಿಸುತ್ತದಲ್ಲ, ಹಾಗೆಯೇ. ಮೋಟಾರಿಗೆ ಉಳಿಯುವುದು ಕೆಲವೇ ಕಿಲೋಗಳ ಕೆಲಸ.

ಅಂದರೆ ಬಾಗಿಲು ಮುಚ್ಚಿ ಸುಮ್ಮನೆ ನಿಂತಿರುವಾಗಲೇ ಸ್ಪ್ರಿಂಗ್‌ನಲ್ಲಿ ಅತಿ ಹೆಚ್ಚು ಬಲ ತುಂಬಿಕೊಂಡಿರುತ್ತದೆ. ಅದನ್ನು ಹಿಡಿದಿಟ್ಟ ಸ್ಕ್ರೂ ಸಡಿಲಿಸಿದರೆ, ತೂರಿಸಿದ ಸ್ಕ್ರೂಡ್ರೈವರ್ ಕಣ್ಣು ಮಿಟುಕಿಸುವಷ್ಟರಲ್ಲಿ ಗಿರ್ರನೆ ತಿರುಗಿ ಮುಖಕ್ಕೋ ಮುಂಗೈಗೋ ಬಡಿಯುತ್ತದೆ. ಕಸುಬಿನವರು ಇದಕ್ಕೆ ಸ್ಕ್ರೂಡ್ರೈವರ್ ಬಳಸುವುದೇ ಇಲ್ಲ. ಆ ರಂಧ್ರಕ್ಕೆ ಸರಿಯಾಗಿ ಕೂರುವ ಉಕ್ಕಿನ ಸಲಾಕೆಗಳೇ ಬೇರೆ ಇವೆ. ಕೇಬಲ್ ಕಟ್ಟಿರುವ ಕೆಳಮೂಲೆಯ ಬ್ರಾಕೆಟ್‌ಗೂ ಇದೇ ಮಾತು: ನೋಡಲು ಸಾಧಾರಣ ಬೋಲ್ಟ್, ಹಿಂದೆ ಇಡೀ ಬಾಗಿಲಿನ ಎಳೆತ.

ಮೊದಲ ಪರೀಕ್ಷೆ

ತೊಂದರೆ ಬಾಗಿಲಿನದೋ ಮೋಟಾರಿನದೋ ಎಂದು ಬೇರ್ಪಡಿಸುವುದೇ ಅರ್ಧ ಕೆಲಸ. ಮೇಲೆ ಮೋಟಾರಿನ ಹಳಿಯಿಂದ ಕೆಂಪು ಹಿಡಿಯ ಹಗ್ಗವೊಂದು ನೇತಾಡುತ್ತಿರುತ್ತದೆ. ಬಾಗಿಲು ಪೂರ್ತಿ ಮುಚ್ಚಿದ್ದಾಗ ಅದನ್ನೆಳೆದರೆ ಮೋಟಾರಿಗೂ ಬಾಗಿಲಿಗೂ ನಂಟು ಕಡಿಯುತ್ತದೆ. ಈಗ ಬಾಗಿಲನ್ನು ಕೈಯಿಂದ ಎತ್ತಿ. ಹಲಗೆಗಳ ನಡುವೆ ಬೆರಳಿಡಬೇಡಿ, ಹಿಡಿಯಲ್ಲೇ ಹಿಡಿಯಿರಿ. ಹಗುರಾಗಿ ಎದ್ದು, ಸೊಂಟದ ಮಟ್ಟದಲ್ಲಿ ನಿಧಾನಕ್ಕೆ ಹಿಡಿತ ಸಡಿಲಿಸಿದರೂ ಅಲ್ಲೇ ನಿಂತರೆ ಸ್ಪ್ರಿಂಗ್ ಸರಿಯಾಗಿದೆ. ಒಬ್ಬರಿಂದ ಎತ್ತಲಾಗದಷ್ಟು ಭಾರವಿದ್ದರೆ ಸ್ಪ್ರಿಂಗ್ ಮುರಿದಿದೆ ಅಥವಾ ಸೋತಿದೆ. ಅಲ್ಲಿಗೆ ನಿಲ್ಲಿಸಿ, ರಿಪೇರಿಯವರನ್ನು ಕರೆಯಿರಿ. ಮೋಟಾರಿನಿಂದ ಮತ್ತೆ ಮತ್ತೆ ಎಳೆಸಿದರೆ ಅದರ ಗೇರೂ ಹೋಗುತ್ತದೆ.

ಬಾಗಿಲು ಅರ್ಧ ತೆರೆದು ಸಿಕ್ಕಿಕೊಂಡಿದ್ದರೆ ಮಾತ್ರ ಆ ಕೆಂಪು ಹಗ್ಗಕ್ಕೆ ಕೈ ಹಾಕಬೇಡಿ. ಸ್ಪ್ರಿಂಗ್ ಮುರಿದಿದ್ದರೆ ಇಡೀ ಬಾಗಿಲು ಧಡಾರನೆ ಕೆಳಗಿಳಿಯುತ್ತದೆ. ಅಡಿಯಲ್ಲಿ ಯಾರೂ ಓಡಾಡದಂತೆ ನೋಡಿಕೊಳ್ಳಿ.

ಸ್ಪ್ರಿಂಗ್ ಮುರಿದದ್ದನ್ನು ದೂರದಿಂದಲೇ ಗುರುತಿಸಬಹುದು. ಸುರುಳಿಯ ನಡುವೆ ಒಂದೆರಡು ಇಂಚಿನ ಬಿರುಕು ಕಾಣುತ್ತದೆ, ಮುರಿಯುವಾಗ ಪಟಾಕಿ ಸಿಡಿದಂಥ ಸದ್ದು ಬಂದಿರುತ್ತದೆ. ಮಾಮೂಲಿ ಸ್ಪ್ರಿಂಗ್‌ಗಳನ್ನು ಸುಮಾರು 10,000 ಸಲ ತೆರೆದು ಮುಚ್ಚುವ ಲೆಕ್ಕದಲ್ಲಿ ತಯಾರಿಸುತ್ತಾರೆ. ದಿನಕ್ಕೆ ನಾಲ್ಕು ಸಲ ಎಂದರೆ ಏಳು ವರ್ಷಕ್ಕೂ ತುಸು ಕಡಿಮೆ. ಎರಡು ಸ್ಪ್ರಿಂಗ್‌ಗಳಿದ್ದು ಒಂದು ಮುರಿದರೆ ಎರಡನ್ನೂ ಬದಲಾಯಿಸೋಣ ಎಂದು ರಿಪೇರಿಯವರು ಹೇಳುವುದು ದುಡ್ಡು ಕೀಳಲಿಕ್ಕೇ ಆಗಬೇಕಿಲ್ಲ. ಇನ್ನೊಂದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ.

ಬಾಗಿಲು ಹಗುರಾಗಿಯೇ ಇದ್ದರೆ?

ಆಗ ನಿಮ್ಮ ಕೈಲಾಗುವ ಕೆಲಸಗಳಿವೆ. ಇಳಿಯಲು ಶುರುಮಾಡಿ ಮತ್ತೆ ಮೇಲೇರುವ ಬಾಗಿಲಿನಲ್ಲಿ ಮೊದಲು ನೋಡಬೇಕಾದ್ದು ಸೆನ್ಸರ್. ನೆಲದಿಂದ ಆರು ಇಂಚಿನೊಳಗೆ, ಎರಡೂ ಬದಿಗೆ ಒಂದೊಂದು ಪುಟ್ಟ ಕಣ್ಣುಗಳಿರುತ್ತವೆ. ಒಂದು ಕಣ್ಣಿಗೆ ಕಾಣದ ಕಿರಣವನ್ನು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಏನಾದರೂ ಅಡ್ಡ ಬಂದರೆ ಬಾಗಿಲು ವಾಪಸ್ ಹೋಗುತ್ತದೆ. ಜೇಡರ ಬಲೆ, ಧೂಳು, ಒಣಗಿದ ಎಲೆ, ಸೈಕಲ್ ತಗುಲಿ ಓರೆಯಾದ ಸೆನ್ಸರ್, ಇಷ್ಟು ಸಾಕು. ಒಣಬಟ್ಟೆಯಿಂದ ಒರೆಸಿ, ಎರಡರ ಮೇಲಿನ ದೀಪವೂ ಮಿನುಗದೆ ಉರಿಯುವಂತೆ ಎದುರುಬದುರು ತಿರುಗಿಸಿ. ಸಂಜೆ ಮಾತ್ರ ತೊಂದರೆಯೆಂದರೆ ಇಳಿಬಿಸಿಲು ನೇರವಾಗಿ ಸೆನ್ಸರ್‌ಗೆ ಬೀಳುತ್ತಿರಬಹುದು.

ಸೆನ್ಸರ್‌ನದ್ದೇ ಕಿರಿಕಿರಿ, ಎರಡೂ ವೈರ್ ಸೇರಿಸಿ ಬಿಡಿ ಎನ್ನುವ ಉಪಾಯವೂ ಓಡಾಡುತ್ತದೆ. ಅದನ್ನು ನಂಬಬೇಡಿ. ಅಮೆರಿಕದಲ್ಲಿ ಯಂತ್ರದ ಬಾಗಿಲಿನಡಿ ಸಿಕ್ಕಿ ಮಕ್ಕಳು ಸತ್ತ ಮೇಲೆಯೇ, 1993ರಿಂದ ತಯಾರಾಗುವ ಮನೆಬಳಕೆಯ ಓಪನರ್‌ಗಳಿಗೆ ಇಂಥ ರಕ್ಷಣೆ ಕಾನೂನಿನಂತೆ ಕಡ್ಡಾಯವಾದದ್ದು. ಇನ್ನೊಂದು ಪರೀಕ್ಷೆಯನ್ನೂ ತಿಂಗಳಿಗೊಮ್ಮೆ ಮಾಡಬೇಕು. ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಬಾಗಿಲು ಬಂದು ಕೂರುವ ಜಾಗದಲ್ಲಿ ಅಡ್ಡಮಲಗಿಸಿ, ಬಾಗಿಲು ಇಳಿಸಿ. ತುಂಡಿಗೆ ತಾಗಿದ ಕೂಡಲೇ ಅದು ಮೇಲೇಳಬೇಕು. ಏಳದಿದ್ದರೆ ರಿಪೇರಿಯಾಗುವ ತನಕ ಮೋಟಾರ್ ಬಳಸಬೇಡಿ.

ಗೋಡೆಯ ಸ್ವಿಚ್ ಕೆಲಸ ಮಾಡಿ ರಿಮೋಟ್ ಮಾಡದಿದ್ದರೆ ಬ್ಯಾಟರಿ ಬದಲಾಯಿಸಿ. ಓಪನರ್‌ಗೆ ಹೊಸ ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ರಿಮೋಟ್ ಕೆಟ್ಟಿತು ಎನ್ನುವವರಿದ್ದಾರೆ. ಕೇಳಲು ಗಾಳಿಸುದ್ದಿಯಂತಿದ್ದರೂ ಇದು ನಿಜ. ಕೆಲವು ಎಲ್‌ಇಡಿ ಬಲ್ಬ್‌ಗಳು ಹೊರಡಿಸುವ ರೇಡಿಯೊ ಗದ್ದಲದಲ್ಲಿ ರಿಮೋಟ್‌ನ ಸಂಕೇತ ಮುಳುಗಿಹೋಗುತ್ತದೆ. ಬಲ್ಬ್ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಕಿರ್ ಎನ್ನುವ ಬಾಗಿಲಿಗೆ ಡಬ್ಲ್ಯುಡಿ-40 ಹೊಡೆಯಿರಿ ಎನ್ನುವ ಸಲಹೆ ಅರ್ಧ ಸರಿ. ತೇವ ಹೊರದೂಡಲು 40ನೇ ಪ್ರಯತ್ನದಲ್ಲಿ ಒದಗಿದ ಮಿಶ್ರಣವೆಂದೇ ಅದಕ್ಕೆ ಆ ಹೆಸರು. ತುಕ್ಕು ಬಿಡಿಸಲು ಒಳ್ಳೆಯದು, ಆದರೆ ಇದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಕೀಲು ಮತ್ತು ರೋಲರ್‌ಗಳಿಗೆ ಸಿಲಿಕೋನ್ ಅಥವಾ ಲಿಥಿಯಂ ಗ್ರೀಸ್ ಸ್ಪ್ರೇ ಸಾಕು. ಹಳಿಗಳನ್ನು ಬರೀ ಒರೆಸಿ. ಎಣ್ಣೆ ಹಚ್ಚಿದರೆ ಧೂಳು ಕಚ್ಚಿಕೊಳ್ಳುತ್ತದೆ.

ಬಾಗಿಲು ತೆರೆಯದಿದ್ದಾಗ ಕಾರು ಸ್ಟಾರ್ಟ್ ಮಾಡಬೇಡಿ

ಚಳಿಗಾಲದಲ್ಲಿ, ಬಾಗಿಲು ಸರಿಯಾಗುವಷ್ಟರಲ್ಲಿ ಎಂಜಿನ್ ಬೆಚ್ಚಗಾಗಲಿ ಎಂದು ಕಾರು ಚಾಲೂ ಮಾಡುವುದುಂಟು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗ್ಯಾರೇಜಿನಿಂದ ಮನೆಯೊಳಗೂ ನುಸುಳುತ್ತದೆ. ತಲೆನೋವು, ವಾಕರಿಕೆ ಶುರುವಾದರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ.

ಕರೆಂಟ್ ಹೋದಾಗ ಕೆಂಪು ಹಗ್ಗವೇ ದಾರಿ. 2017ರ ಕ್ಯಾಲಿಫೋರ್ನಿಯಾ ಕಾಳ್ಗಿಚ್ಚಿನಲ್ಲಿ ವಿದ್ಯುತ್ ಕಡಿತವಾಗಿ, ಗ್ಯಾರೇಜ್ ತೆರೆಯಲಾಗದೆ ಒಳಗೇ ಸಿಕ್ಕಿಬಿದ್ದವರಿದ್ದರು. ಆಮೇಲೆ ಆ ರಾಜ್ಯದಲ್ಲಿ 2019ರ ಜುಲೈನಿಂದ ಮಾರುವ ಓಪನರ್‌ಗಳಿಗೆ ಬ್ಯಾಟರಿ ಬ್ಯಾಕಪ್ ಕಡ್ಡಾಯವಾಯಿತು. ಮಕ್ಕಳ ಮನೆಗೆ ಹೋಗಿ ಇರುವ ಅಪ್ಪ ಅಮ್ಮನಿಗೆ ಆ ಹಗ್ಗ ಎಲ್ಲಿದೆ, ಹೇಗೆ ಎಳೆಯಬೇಕು ಎಂದು ಒಮ್ಮೆ ತೋರಿಸಿಡಿ.

ನಮ್ಮೂರಿನ ಶಟರ್

ಇಲ್ಲಿ ಮನೆಯ ಪಾರ್ಕಿಂಗ್‌ಗೆ ಹಾಕಿಸುವ, ಕೈಯಲ್ಲಿ ಎಳೆಯುವ ರೋಲಿಂಗ್ ಶಟರ್‌ನಲ್ಲೂ ಅದೇ ತತ್ವ. ಶಟರ್ ಸುತ್ತಿಕೊಳ್ಳುವ ಮೇಲಿನ ಪೈಪಿನಲ್ಲಿ ಸ್ಪ್ರಿಂಗ್‌ಗಳಿರುತ್ತವೆ. ನಿನ್ನೆ ಹಗುರಾಗಿದ್ದದ್ದು ಇವತ್ತು ಇದ್ದಕ್ಕಿದ್ದಂತೆ ಭಾರವಾದರೆ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಪೈಪ್ ಬಿಚ್ಚುವ ಸಾಹಸವೂ ಬೇಡ. ಓರೆಯಾಗಿ ಸಿಕ್ಕಿಕೊಳ್ಳುತ್ತಿದ್ದರೆ ಪಕ್ಕದ ಚಾನಲ್‌ನಲ್ಲಿ ಕಲ್ಲು ಮಣ್ಣು ತುಂಬಿದೆಯೋ, ಪಟ್ಟಿ ಬಾಗಿದೆಯೋ ನೋಡಿ. ಮೋಟಾರಿನ ಶಟರ್ ನಾಲ್ಕಾರು ಸಲ ಏರಿಳಿದು ನಿಂತುಹೋದರೆ ಬಿಸಿಯಾಗಿ ತಾನೇ ಆಫ್ ಆಗಿರಬಹುದು; ಅರ್ಧ ಗಂಟೆ ಬಿಟ್ಟು ನೋಡಿ. ಕೈಚೈನ್ ಎಳೆಯುವ ಮೊದಲು ಅದರ ಮೇನ್ ಸ್ವಿಚ್ ಆಫ್ ಮಾಡಿ.

ಇಲ್ಲಿನ ಎಷ್ಟೋ ಮೋಟಾರ್ ಶಟರ್‌ಗಳಿಗೆ ಸೆನ್ಸರ್ ಇರುವುದಿಲ್ಲ, ಅಡ್ಡ ಬಂದದ್ದು ಅವಕ್ಕೆ ತಿಳಿಯುವುದಿಲ್ಲ. ಹೊಸದಾಗಿ ಹಾಕಿಸುವಾಗ ಕೇಳಿ ಹಾಕಿಸಿಕೊಳ್ಳಿ. ಇಲ್ಲದ ಕಡೆ ಶಟರ್ ಪೂರ್ತಿ ನೆಲ ಮುಟ್ಟುವವರೆಗೂ ಅಲ್ಲೇ ನಿಂತು ನೋಡಿ, ರಿಮೋಟನ್ನು ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ.