ಅರಿವು, ಪ್ರಾಣ, ಮರಣ: ಶರಣರ ದೃಷ್ಟಿ ಮತ್ತು ವೈದ್ಯರ ದೃಷ್ಟಿ

ಲಿಂಗಾಯತರಲ್ಲಿ ಮರಣವನ್ನು ಲಿಂಗೈಕ್ಯವೆಂದು ಕರೆಯುವುದು ರೂಢಿ. ಷಟ್‌ಸ್ಥಲ ಕ್ರಮದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಸ್ಥಲಗಳನ್ನು ದಾಟಿ ಬರುವ ಕಡೆಯ ನೆಲೆಯೇ ಐಕ್ಯ. ಅದು ಉಸಿರು ನಿಂತ ಮೇಲೆ ದೊರೆಯುವ ಫಲವಲ್ಲ. ಬದುಕಿರುವಾಗಲೇ ಅಂಗವು ಲಿಂಗದೊಡನೆ ಸಮರಸವಾಗುವ ಸ್ಥಿತಿ. ಆದುದರಿಂದಲೇ ಶರಣರು ಮರಣಸೂತಕವನ್ನು ಒಪ್ಪಲಿಲ್ಲ. ಅವರು ಹೇಳಿದ 'ಅರಿವು' ಇಂದಿನ ವಿಜ್ಞಾನ ಹೇಳುವ ಪ್ರಜ್ಞೆಗೆ ಹತ್ತಿರದ್ದಾದರೂ ಎರಡೂ ಒಂದಲ್ಲ. ವೈದ್ಯರ ಪ್ರಜ್ಞೆ ಅರಿವಳಿಕೆ ಮದ್ದಿಗೆ ಅಡಗುತ್ತದೆ. ಶರಣರ ಅರಿವು ಆಚಾರದಲ್ಲಿ ಕಾಣಿಸಿಕೊಳ್ಳಬೇಕಾದದ್ದು.

ಭಾಲ್ಕಿ, ಔರಾದ ಕಡೆಯ ಭಕ್ತರು ನಮ್ಮನ್ನು ಕೇಳುವ ಪ್ರಶ್ನೆ ಇಷ್ಟು ಸೂಕ್ಷ್ಮವಾದದ್ದಲ್ಲ, ಆದರೆ ಇದಕ್ಕಿಂತ ಕಠಿಣವಾದದ್ದು. ಅಪಘಾತವಾದ ಮಗನ ಎದೆ ಬಡಿಯುತ್ತಿದೆ, ಮೈ ಬೆಚ್ಚಗಿದೆ. ವೈದ್ಯರು ಮಿದುಳು ಸತ್ತಿದೆ ಎನ್ನುತ್ತಾರೆ. ಪ್ರಾಣವಿದೆಯೋ, ಹೋಯಿತೋ?

ಇದಕ್ಕೆ ಕಾನೂನಿನ ಉತ್ತರ ಸ್ಪಷ್ಟವಾಗಿದೆ. 1994ರ ಮಾನವ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ಮಿದುಳುಕಾಂಡ ಶಾಶ್ವತವಾಗಿ ನಿಂತರೆ ಅದು ಮರಣವೇ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಕಣ್ಣಿನ ಪಾಪೆ ಬೆಳಕಿಗೆ ಸ್ಪಂದಿಸುವುದೇ, ಯಂತ್ರದ ನೆರವಿಲ್ಲದೆ ಉಸಿರು ಏಳುವುದೇ ಎಂಬುದನ್ನೆಲ್ಲ ನೋಡಬೇಕು. ಎದೆ ಬಡಿಯುತ್ತಿರುವುದು ವೆಂಟಿಲೇಟರ್ ಒದಗಿಸುವ ಆಮ್ಲಜನಕದಿಂದ. ಕೋಮಾ ಬೇರೆ, ಅದರಿಂದ ಮರಳಿದವರುಂಟು. ಈ ವ್ಯತ್ಯಾಸವನ್ನು ಬಂಧುಗಳು ವೈದ್ಯರಿಂದ ಕೇಳಿ ತಿಳಿಯಬೇಕು. ಕೇಳಲು ಸಂಕೋಚ ಬೇಡ.

ಮಿದುಳಿನಿಂದ ಪ್ರಜ್ಞೆ ಹೇಗೆ ಹುಟ್ಟುತ್ತದೆಂಬುದು ಮಾತ್ರ ವಿಜ್ಞಾನಕ್ಕೂ ಬಗೆಹರಿದಿಲ್ಲ. 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಖ್, 25 ವರ್ಷಗಳಲ್ಲಿ ಇದರ ಗುಟ್ಟು ತಿಳಿಯುತ್ತದೆಂದು ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಅವರೊಡನೆ ಪಂದ್ಯ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿಕೊಂಡರು. ಅದೇ ವರ್ಷ ಮಿಶಿಗನ್ ವಿಶ್ವವಿದ್ಯಾಲಯದವರು ಸಾಯುತ್ತಿದ್ದ ನಾಲ್ವರು ರೋಗಿಗಳ ಮಿದುಳಿನ ಅಲೆಗಳನ್ನು ಪ್ರಕಟಿಸಿದರು. ವೆಂಟಿಲೇಟರ್ ತೆಗೆದ ಬಳಿಕ ಇಬ್ಬರಲ್ಲಿ ಚಟುವಟಿಕೆ ತುಸು ಹೊತ್ತು ಏರಿತ್ತು. ಅವರೇನು ಅನುಭವಿಸಿದರೆಂದು ಹೇಳಲು ಅವರಾರೂ ಉಳಿಯಲಿಲ್ಲ.

ಇಂಥ ಸುದ್ದಿ ಬಂದೊಡನೆ ಆತ್ಮ ಸಿದ್ಧವಾಯಿತೆಂದು ಪ್ರವಚನದಲ್ಲಿ ಸಾರುವವರುಂಟು. ಆತ್ಮದ ತೂಕ 21 ಗ್ರಾಂ ಎಂಬ ಮಾತು ಮೊಬೈಲಿನಲ್ಲಿ ಈಗಲೂ ಸುತ್ತುತ್ತಿದೆ. ಅದು 1907ರಲ್ಲಿ ಅಮೆರಿಕದ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯರು ಪ್ರಕಟಿಸಿದ ಸಂಗತಿ. ತೂಗಿದ್ದು ಆರು ಮಂದಿಯನ್ನು. ಆ ಅಂಕಿ ಬಂದದ್ದು ಒಬ್ಬರಲ್ಲಿ ಮಾತ್ರ. ತಕ್ಕಡಿಯ ಸಾಕ್ಷಿಯ ಮೇಲೆ ನಿಲ್ಲಬೇಕಾದಷ್ಟು ಶರಣಧರ್ಮ ಬಡವಾಗಿಲ್ಲವೆಂಬುದು ನಮ್ಮ ಅಭಿಪ್ರಾಯ.

ದೇಹವನ್ನು ಏನು ಮಾಡಬೇಕೆಂಬ ವಿಷಯದಲ್ಲಿಯೂ ನಮ್ಮ ನಾಡಿನಲ್ಲಿ ಒಂದೇ ದಾರಿಯಿಲ್ಲ. ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ಅಗಲಿದಾಗ, ಅವರು ಮೊದಲೇ ಬರೆದಿಟ್ಟಿದ್ದಂತೆ ಪಾರ್ಥಿವ ಶರೀರವನ್ನು ಹೂಳದೆ ಅಗ್ನಿಗೆ ಅರ್ಪಿಸಲಾಯಿತು, ಸ್ಮಾರಕವೂ ಬೇಡವೆಂದಿದ್ದರು. 2010ರಲ್ಲಿ ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಅವರು, ದೇಹದಾನ ಮಾಡಿದ್ದ ತಮ್ಮ ತಂದೆಯವರ ಶರೀರವನ್ನು ವಿದ್ಯಾರ್ಥಿಗಳೆದುರು ತಾವೇ ಛೇದಿಸಿ ಪಾಠ ಹೇಳಿದರು.

ನೇತ್ರದಾನದಿಂದ ನಮ್ಮ ಸಂಸ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ. ಮರಣಾನಂತರ 6 ಗಂಟೆಯೊಳಗೆ ನೇತ್ರಭಂಡಾರದವರು ಬರಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿಯಿಟ್ಟು, ತಲೆಯನ್ನು ತುಸು ಎತ್ತರಿಸಿ, ಫ್ಯಾನ್ ನಿಲ್ಲಿಸಬೇಕು. ಮುಖ ವಿಕಾರವಾಗುವುದಿಲ್ಲ, ವಿಭೂತಿ ಧರಿಸಿ, ಕರದಲ್ಲಿ ಇಷ್ಟಲಿಂಗವಿಟ್ಟು ಕುಳ್ಳಿರಿಸಿ ಸಮಾಧಿ ಮಾಡಬಹುದು. ಸಾಯಗಾಂವದಂಥ ಗಡಿಯ ಊರುಗಳಿಂದ ಆಸ್ಪತ್ರೆ ದೂರವಾದ್ದರಿಂದ ದೂರವಾಣಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ದೇಹದಾನದಲ್ಲಿ ಸಮಾಧಿಯಿರುವುದಿಲ್ಲ, ಇಷ್ಟಲಿಂಗವನ್ನು ಏನು ಮಾಡಬೇಕೆಂಬುದನ್ನು ದಾನಿಗಳು ಬದುಕಿರುವಾಗಲೇ ಮನೆಯವರ ಸಮಕ್ಷಮ ಗುರುಗಳಲ್ಲಿ ಕೇಳಿ ನಿಶ್ಚಯಿಸಿಕೊಳ್ಳತಕ್ಕದ್ದು.